ಎರೆಹುಳು ಎನ್‌ಜೈಮ್ ಪ್ಯೂರಿಫಿಕೇಶನ್: ಯೀಲ್ಡ್ 186 ಪರ್ಸೆಂಟ್ ಬರ್ತಿದೆ, ಎಲ್ಲಿ ಎಡವಿದೀನಿ?

ಹೇಮಾವತಿ_ದಂಡೆ:

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಕೊನೇ ಸೆಮಿಸ್ಟರ್, ಪ್ರಾಜೆಕ್ಟ್ ಸಬ್ಮಿಟ್ ಮಾಡೋಕೆ ಎರಡೂವರೆ ತಿಂಗಳು ಉಳಿದಿದೆ. ಟಾಪಿಕ್ ನಾನೇ ಹಠ ಮಾಡಿ ತಗೊಂಡಿದ್ದು, ಎರೆಹುಳದಿಂದ ಸೆರಮೈಡ್ ಗ್ಲೈಕನೇಸ್ ತೆಗೆದು ಪ್ಯೂರಿಫೈ ಮಾಡಿ ಕ್ಯಾರೆಕ್ಟರೈಸ್ ಮಾಡೋದು, ಅಂದ್ರೆ ಗ್ಲೈಕೋಲಿಪಿಡ್‌ನಲ್ಲಿ (ಸಕ್ಕರೆ ಅಂಟಿರೋ ಕೊಬ್ಬು) ಸಕ್ಕರೆ ಸರಪಳಿ ಒಂದ್ಕಡೆ, ಕೊಬ್ಬಿನ ಭಾಗ ಸೆರಮೈಡ್ ಒಂದ್ಕಡೆ ಹಂಗೇ ಇಡಿಯಾಗಿ ಬೇರೆ ಮಾಡೋ ಎನ್‌ಜೈಮ್. ನನ್ ಫ್ರೆಂಡ್ಸೆಲ್ಲ ಅಮೈಲೇಸ್ ಪ್ರೋಟಿಯೇಸ್ ಅಂತ ತಗೊಂಡು ಈಗ ಆರಾಮಾಗಿ ಥೀಸಿಸ್ ಟೈಪ್ ಮಾಡ್ತಾ ಕೂತಿದಾರೆ, ನಾನೊಬ್ಳು ಇನ್ನೂ ಹುಳ ರುಬ್ತಾ ಇದೀನಿ.

ಮಾಡಿದ್ದು ಇಷ್ಟು. ಊರಲ್ಲಿ ನಮ್ಮ ಚಿಕ್ಕಪ್ಪ ಎರೆಗೊಬ್ಬರ ಮಾಡ್ತಾರೆ, ಅವ್ರ ತೊಟ್ಟಿಯಿಂದ 50 ಗ್ರಾಂ ಹುಳ, ತೊಳೆದು ಎರಡು ದಿನ ಒದ್ದೆ ಫಿಲ್ಟರ್ ಪೇಪರ್ ಮೇಲೆ ಬಿಟ್ಟು ಹೊಟ್ಟೆಯಲ್ಲಿರೋ ಮಣ್ಣೆಲ್ಲ ಹೋದ್ಮೇಲೆ, ಪಿಎಚ್ 5 ಅಸಿಟೇಟ್ ಬಫರ್‌ನಲ್ಲಿ ಐಸ್ ಮೇಲೆ ರುಬ್ಬಿ, ಸೆಂಟ್ರಿಫ್ಯೂಜ್, ಆಮೇಲೆ ಅಮೋನಿಯಂ ಸಲ್ಫೇಟ್ ಉಪ್ಪು 30ರಿಂದ 70 ಪರ್ಸೆಂಟ್ ಹಾಕಿ ಪ್ರೋಟೀನ್ ಕೆಳಗೆ ಕೂರಿಸೋದು, ಉಪ್ಪು ಹೋಗೋಕೆ ರಾತ್ರಿಯಿಡೀ ಡಯಾಲಿಸಿಸ್, ಆಮೇಲೆ ಬಫರ್ ಬದಲಾಯಿಸಿ ಡಿಇಎಇ ಕಾಲಂ, ಅಂದ್ರೆ ಚಾರ್ಜ್ ಮೇಲೆ ಪ್ರೋಟೀನ್ ಬೇರೆ ಮಾಡೋದು. ಆಕ್ಟಿವಿಟಿ ನೋಡೋದು ಪ್ಯಾರಾನೈಟ್ರೋಫಿನೈಲ್ ಬೀಟಾ ಗ್ಲುಕೋಸೈಡ್‌ನಲ್ಲಿ, 30 ನಿಮಿಷ ಬಿಟ್ಟು ಕಾರ್ಬೊನೇಟ್ ಹಾಕಿ ಹಳದಿ ಬಣ್ಣನ 405ರಲ್ಲಿ ಓದೋದು. ಪ್ರೋಟೀನ್ ಎಷ್ಟಿದೆ ಅಂತ ಅಳೆಯೋಕೆ ಲೌರಿ ವಿಧಾನ.

ಕ್ರೂಡ್‌ನಲ್ಲಿ, ಅಂದ್ರೆ ಮೊದಲು ರುಬ್ಬಿದ ರಸದಲ್ಲಿ, 1240 ಯೂನಿಟ್ ಆಕ್ಟಿವಿಟಿ, 2100 ಮಿಗ್ರಾಂ ಪ್ರೋಟೀನ್. ಅಮೋನಿಯಂ ಸಲ್ಫೇಟ್ ಆದ್ಮೇಲೆ 2306 ಯೂನಿಟ್, 610 ಮಿಗ್ರಾಂ. ಅಂದ್ರೆ ಯೀಲ್ಡ್ (ಕ್ರೂಡ್‌ನ ಯೂನಿಟ್‌ನಲ್ಲಿ ಉಳಿದ ಪಾಲು) 186 ಪರ್ಸೆಂಟ್! ಗೈಡ್ ಟೇಬಲ್ ನೋಡಿ "ಏನಮ್ಮ, ಕಾಲಂ ಒಳಗೆ ಹುಳ ಮರಿ ಹಾಕ್ತಾ" ಅಂದ್ರು, ಇಡೀ ಲ್ಯಾಬ್ ನಕ್ತು. ಡಿಇಎಇನಲ್ಲಿ ಎರಡು ಚೆಂದದ ಪೀಕ್ ಬಂತು, ಫ್ರಾಕ್ಷನ್ (ಕಾಲಂನಿಂದ ಒಂದೊಂದೇ ಟ್ಯೂಬಿಗೆ ಹಿಡಿದಿದ್ದು) 18ರಿಂದ 24 ಒಂದು, 31ರಿಂದ 36 ಇನ್ನೊಂದು. ಹತ್ರ ಇದ್ದ ಒಂದೇ ಒಂದು ಮಿಗ್ರಾಂ ಜಿಎಂ1 ಅನ್ನೋ ಗ್ಲೈಕೋಲಿಪಿಡ್‌ನಲ್ಲಿ ಸ್ವಲ್ಪ ತಗೊಂಡು ಮೊದಲ್ನೇ ಪೀಕ್ ಜೊತೆ ರಾತ್ರಿಯಿಡೀ ಇಟ್ಟು ಟಿಎಲ್‌ಸಿ (ತೆಳು ಪದರದ ಪ್ಲೇಟ್ ಮೇಲೆ ಬೇರೆ ಮಾಡೋದು) ಹಾಕಿದ್ರೆ ಜಿಎಂ1 ಮೇಲ್ಗಡೆ ಮೂರು ಸ್ಪಾಟು, ಮೆಟ್ಲು ಮೆಟ್ಲು ಥರ. ಇದು ನನ್ನ ಎನ್‌ಜೈಮೇ ಅಲ್ವಾ? ಎರಡು ಪೀಕ್ ಅಂದ್ರೆ ಎರಡು ಐಸೋಜೈಮ್ (ಒಂದೇ ಕೆಲಸ ಮಾಡೋ ಎರಡು ರೂಪ) ಅಂತ ಬರೀಬಹುದಾ?

---

ಹಳೇ_ಪಿಪೆಟ್:

ಚಿಕ್ಕಮಗಳೂರಿಂದ. ಹಿಂದೆ ಬೆಂಗಳೂರಲ್ಲಿ ಆರು ವರ್ಷ ಇದೇ ಲಿಪಿಡ್ ಕೆಲಸದಲ್ಲಿ ಕೈ ಸುಟ್ಕೊಂಡಿದ್ದೆ, ಈಗ ಪಾಠ ಮಾಡ್ಕೊಂಡು ಇದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ.

ಮೊದಲು ಕೆಟ್ಟ ಸುದ್ದಿ. ನೀವು ಪ್ಯೂರಿಫೈ ಮಾಡ್ತಿರೋದು ಸೆರಮೈಡ್ ಗ್ಲೈಕನೇಸ್ ಅಲ್ಲ, ಬೀಟಾ ಗ್ಲುಕೋಸಿಡೇಸ್. ಯಾಕಂದ್ರೆ ನೀವು ಅದನ್ನೇ ಅಳೀತಿದೀರಿ. ಎರೆಹುಳ ತಿನ್ನೋದೇ ಕೊಳೆತ ಎಲೆ, ಅದರ ಕರುಳಲ್ಲಿ ಬೀಟಾ ಗ್ಲುಕೋಸಿಡೇಸು ಸೆಲ್ಯುಲೇಸು ಧಾರಾಳ, ಸಾಲದ್ದಕ್ಕೆ ಕರುಳಲ್ಲಿರೋ ಬ್ಯಾಕ್ಟೀರಿಯಾದ್ದು ಬೇರೆ. ಪ್ಯಾರಾನೈಟ್ರೋಫಿನೈಲ್ ಹಾಕಿದ್ರೆ ಅವೆಲ್ಲ ಓಡ್ಬಂದು ಹಳದಿ ಮಾಡ್ತವೆ. ನಿಮಗೆ ಬೇಕಾಗಿರೋ ಎನ್‌ಜೈಮ್ ಒಂದೇ ಒಂದು ಗ್ಲುಕೋಸ್ ಇರೋ ಗ್ಲುಕೋಸಿಲ್ ಸೆರಮೈಡನ್ನೇ ಸರಿಯಾಗಿ ಮುಟ್ಟಲ್ಲ, ಅದಕ್ಕೆ ಉದ್ದದ ಸಕ್ಕರೆ ಸರಪಳಿ ಬೇಕು, ಇನ್ನು ಈ ಚಿಲ್ಲರೆ ಗ್ಲುಕೋಸೈಡಿಗೆ ಅದು ಯಾಕೆ ಬರುತ್ತೆ ಹೇಳಿ. ಎರಡು ಪೀಕ್ ಅಂದ್ರೆ ಎರಡು ಗ್ಲುಕೋಸಿಡೇಸ್ ಅಷ್ಟೆ, ಐಸೋಜೈಮ್ ಅಂತೆಲ್ಲ ದಯವಿಟ್ಟು ಬರೀಬೇಡಿ, ವೈವಾದಲ್ಲಿ ಯಾರಾದ್ರೂ ಗೊತ್ತಿರೋರು ಬಂದ್ರೆ ಮುಗೀತು.

ಆ ಮೆಟ್ಲು ಸ್ಪಾಟಿನ ಕಥೆ. ಜಿಎಂ1 ತುದಿಯಲ್ಲಿರೋ ಗ್ಯಾಲಕ್ಟೋಸ್ ಬೀಟಾ ಗ್ಯಾಲಕ್ಟೋಸಿಡೇಸ್ ಕಿತ್ರೆ ಜಿಎಂ2, ಅದರ ತುದೀನ ಹೆಕ್ಸೋಸಮಿನಿಡೇಸ್ ಕಿತ್ರೆ ಜಿಎಂ3. ಸಕ್ಕರೆ ಕಮ್ಮಿ ಆದಷ್ಟೂ ಸ್ಪಾಟ್ ಪ್ಲೇಟಲ್ಲಿ ಮೇಲೆ ಹೋಗುತ್ತೆ, ಅದೇ ನೀವು ನೋಡಿದ ಮೆಟ್ಲು. ಇದು ತುದಿಯಿಂದ ಒಂದೊಂದೇ ಕೀಳೋರ ಕೆಲಸ, ಕಬ್ಬು ತುದಿಯಿಂದ ಗಿಣ್ಣು ಗಿಣ್ಣೇ ಮುರ್ದಂಗೆ. ನಿಮ್ಮ ಎನ್‌ಜೈಮ್ ಬುಡದಲ್ಲಿ ಒಂದೇ ಏಟು ಹಾಕೋದು. ಅದು ಇದ್ರೆ ಮೆಟ್ಲೇ ಇರಲ್ಲ, ಇಡೀ ಸಕ್ಕರೆ ಸರಪಳಿ ಜಿಎಂ1ಗಿಂತ ಕೆಳಗೆ, ಸ್ಪಾಟ್ ಇಟ್ಟ ಜಾಗದ ಹತ್ರಾನೇ ಕೂರುತ್ತೆ, ಸೆರಮೈಡ್ ಸಾಲ್ವೆಂಟ್ ಜೊತೆ ಮೇಲಿನ ಅಂಚಿಗೆ ಓಡೋಗುತ್ತೆ. ನೀವು ಮೇಲೆ ನೋಡಿದೀರಿ, ಕೆಳಗೆ ನೋಡಿದ್ರಾ?

ಟಾಪಿಕ್ ಮಾತ್ರ ಸುಳ್ಳಲ್ಲ, ಧೈರ್ಯವಾಗಿರಿ. 1986ರಲ್ಲಿ ಜಪಾನಿನ ಇಟೊ ಮತ್ತೆ ಯಮಗಾಟ ರೋಡೋಕಾಕಸ್ ಅನ್ನೋ ಬ್ಯಾಕ್ಟೀರಿಯಾದಲ್ಲಿ ಈ ಥರದ್ದನ್ನ ತೋರ್ಸಿದ್ರು, ಅದೇ ವರ್ಷ ಅಮೆರಿಕದಲ್ಲಿ ಲೀ ದಂಪತಿ ಜಿಗಣೆಯಲ್ಲಿ ತೋರ್ಸಿದ್ರು, ಮಾರನೇ ವರ್ಷ ಎರೆಹುಳದಲ್ಲೂ ಇದೆ ಅಂತ ಬಂತು. ಆಮೇಲೆ ಅಂಬಲಿ ಮೀನು (ಜೆಲ್ಲಿಫಿಶ್), ಹೈಡ್ರಾದಲ್ಲೂ ಸಿಕ್ತು. ಆದ್ರೆ ಅವ್ರ ಎರೆಹುಳ ಲಂಬ್ರಿಕಸ್ ಟೆರೆಸ್ಟ್ರಿಸ್, ಅಲ್ಲಿಯ ಜಾತಿ. ನಿಮ್ಮ ಚಿಕ್ಕಪ್ಪನ ತೊಟ್ಟೀಲಿ ಇರೋದು ಯೂಡ್ರಿಲಸ್ಸೋ ಐಸೀನಿಯಾನೋ ಇರ್ಬೇಕು, ಮೊದಲು ಝುವಾಲಜಿಯವ್ರ ಹತ್ರ ತಗೊಂಡೋಗಿ ಗುರುತು ಹಾಕ್ಸಿ.

---

ಮೂಡಿಗೆರೆ_ಮಳೆ:

ನಂಗೆ ಈ ಕೆಮಿಸ್ಟ್ರಿ ಗಿಮಿಸ್ಟ್ರಿ ಏನೂ ಗೊತ್ತಿಲ್ಲ ಮಾರಾಯ್ರೆ, ಕಾಫಿ ತೋಟ ಮಾಡ್ಕೊಂಡಿರೋನು, ಆದ್ರೆ ಜಿಗಣೆ ಅಂದ್ರಲ್ಲ, ಉಂಬಳ ಬೇಕಾದ್ರೆ ನಮ್ಮಲ್ಲಿಗೆ ಬನ್ನಿ, ಜುಲೈನಲ್ಲಿ ಗೊಬ್ಬರ ಹಾಕೋಕೆ ತೋಟಕ್ಕೆ ಇಳಿದ್ರೆ ಒಂದು ಕಾಲಲ್ಲೇ ನಿಮ್ಮ 50 ಗ್ರಾಂ ಆಗುತ್ತೆ, ಹೊಗೆಸೊಪ್ಪು ಸುಣ್ಣ ಹಚ್ಕೊಳ್ದೆ ಬರ್ಬೇಕು ಅಷ್ಟೆ. ಇನ್ನು ಆಫ್ರಿಕನ್ ಬಸವನಹುಳು ಬೇಕಾ? ಚೀಲದಲ್ಲಿ ತುಂಬಿ ಕೊಡ್ತೀವಿ, ಬಾಡಿಗೆ ನಾವೇ ಕೊಡ್ತೀವಿ. ಕಾಫಿ, ಬಾಳೆ, ಅಡಿಕೆ ಸಸಿ ಒಂದೂ ಬಿಡಲ್ಲ ಅವು.

---

ಹಳೇ_ಪಿಪೆಟ್:

@ಮೂಡಿಗೆರೆ_ಮಳೆ ನಗಬೇಡಿ, ನೀವು ಹೇಳಿದ ಉಂಬಳ ಒಳ್ಳೇ ಐಡಿಯಾನೇ. ಕೆಂಪು ರಕ್ತಕಣದ ಪೊರೆಯಲ್ಲಿ ಗ್ಲೋಬೊಸೈಡ್ ಅಂತ ಗ್ಲೈಕೋಲಿಪಿಡ್ ಜಾಸ್ತಿ ಇರುತ್ತೆ, ರಕ್ತಾನೇ ಊಟ ಮಾಡೋ ಪ್ರಾಣಿಗೆ ಅದನ್ನ ಕತ್ತರಿಸೋ ಕತ್ತಿ ಇದ್ರೆ ಆಶ್ಚರ್ಯ ಇಲ್ಲ. ಇನ್ನೊಂದು ಲಾಭ, ಜಿಗಣೆ ಮೈಯಲ್ಲೇ ಪ್ರೋಟಿಯೇಸ್ ತಡೆಯೋ ಸಣ್ಣ ಪ್ರೋಟೀನ್‌ಗಳಿವೆ, ಎರೆಹುಳ ಹಂಗಲ್ಲ, ರುಬ್ಬಿದ ತಕ್ಷಣ ಅದರ ಪ್ರೋಟಿಯೇಸ್‌ಗಳು ತಮ್ಮ ಮನೆಗೇ ಬೆಂಕಿ ಹಚ್ತವೆ. ಆದ್ರೆ ಲೀ ಅವ್ರ ಜಿಗಣೆ ನೀರಿನದ್ದು, ನಮ್ಮ ಉಂಬಳ ನೆಲದ್ದು, ಇದರಲ್ಲೂ ಇರುತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ. ಎರಡು ತಿಂಗಳು ಇಟ್ಕೊಂಡು ಪ್ರಾಣಿ ಬದಲಾಯಿಸೋದು ಬೇಡ. ಬಸವನಹುಳಕ್ಕೆ ಯಾರೇ ಕೈ ಹಾಕಿದ್ರೂ ಗ್ಲೌಸ್ ಇಲ್ದೆ ಬೇಡ, ಇಲಿಯ ಶ್ವಾಸಕೋಶದ ಹುಳದ ಮರಿ ಅದರಲ್ಲಿ ಇರ್ಬಹುದು, ಮನುಷ್ಯನ ಮೆದುಳಿಗೆ ಹೋದ್ರೆ ಕಷ್ಟ. ಹಾಂ, ಬೆಲ್ಲ ತವುಡಲ್ಲಿ ಮೆಟಾಲ್ಡಿಹೈಡ್ ಕಲಸಿ ಇಟ್ಟ ತೋಟದ್ದಂತೂ ಲ್ಯಾಬಿಗೆ ಬೇಡವೇ ಬೇಡ.

---

ಡಿಟರ್ಜೆಂಟ್_ದಾಸ:

ಪಿಪೆಟ್ ಸರ್ ಹೇಳಿದ್ದೆಲ್ಲ ಸರಿ, ಆದ್ರೆ ಹುಡುಗಿ ಕೇಳಿದ್ದು 186 ಪರ್ಸೆಂಟ್ ಬಗ್ಗೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನೋಡಮ್ಮ, ಯೀಲ್ಡ್ ಲೆಕ್ಕ ಒಟ್ಟು ಯೂನಿಟ್ ಮೇಲೆ, ಅದಕ್ಕೂ ಲೌರಿಗೂ ಸಂಬಂಧ ಇಲ್ಲ, ಹಂಗಾಗಿ ಪ್ರೋಟೀನ್ ತಪ್ಪು ಅಂತ ಹೊರಟ್ರೆ ಇದು ಸಿಗಲ್ಲ. ನೂರು ದಾಟೋಕೆ ಎರಡು ದಾರಿ. ಒಂದು, ಕ್ರೂಡ್‌ನಲ್ಲಿ ಗ್ಲುಕೋಸ್ ಥರ ಸಣ್ಣ ತಡೆ ಏನೋ ಇತ್ತು, ಡಯಾಲಿಸಿಸ್‌ನಲ್ಲಿ ಹೊರಗೆ ಹೋಯ್ತು. ಪುಸ್ತಕದಲ್ಲಿ ಎಲ್ರೂ ಇದನ್ನೇ ಬರೀತಾರೆ, ಕೇಳೋಕೂ ಚೆಂದ. ಎರಡ್ನೇದು, ನೂರಕ್ಕೆ ತೊಂಬತ್ತು ಸಲ ಇದೇ ಅಂತ ನನ್ನ ಅನುಭವ, ಕ್ರೂಡ್‌ನ ಡೈಲ್ಯೂಟ್ ಮಾಡ್ದೆ ಹಾಕಿರ್ತೀರಿ, 30 ನಿಮಿಷದಲ್ಲಿ ಸಬ್‌ಸ್ಟ್ರೇಟ್ ಖಾಲಿ ಆಗಿ ಗೆರೆ ಬಾಗಿರುತ್ತೆ, ಓಡಿ ಓಡಿ ಸುಸ್ತಾದವನ ಸ್ಪೀಡ್ ಅಳೆದಂಗೆ. ಆಗ ಕ್ರೂಡ್ ಯೂನಿಟ್ ಕಮ್ಮಿ ತೋರ್ಸುತ್ತೆ, ಮುಂದಿನ ಸ್ಟೆಪ್ ಜಾಸ್ತಿ ಕಾಣುತ್ತೆ. ನಿಮ್ಮ ಕ್ರೂಡ್ ಟ್ಯೂಬಿನ ರೀಡಿಂಗ್ ಎಷ್ಟಿತ್ತು? 2ರ ಮೇಲಿದ್ರೆ ಮೆಷಿನ್ನೂ ನಂಬೋ ಹಾಗಿಲ್ಲ. 5, 10, 15 ನಿಮಿಷಕ್ಕೆ ತೆಗೆದು ಗೆರೆ ನೇರ ಇದೆಯಾ ನೋಡಿ, ಜೊತೆಗೆ ಕ್ರೂಡ್ ಬ್ಲ್ಯಾಂಕ್ ಬೇರೆ ಇಡಿ, ಎರೆಹುಳದ ರಸಕ್ಕೆ ಅದರದ್ದೇ ಹಳದಿ ಇದೆ.

ಲೌರಿ ಬೇರೆ ರೋಗ. ಅಮೋನಿಯಂ ಸಲ್ಫೇಟ್ ಸ್ವಲ್ಪ ಉಳಿದಿದ್ರೂ ಲೌರಿ ಬಣ್ಣ ಕಮ್ಮಿ ಮಾಡುತ್ತೆ, ಪ್ರೋಟೀನ್ ಕಮ್ಮಿ ತೋರಿಸಿ ಸ್ಪೆಸಿಫಿಕ್ ಆಕ್ಟಿವಿಟಿ (ಒಂದು ಮಿಗ್ರಾಂ ಪ್ರೋಟೀನ್‌ಗೆ ಎಷ್ಟು ಯೂನಿಟ್) ಸುಮ್ನೆ ಉಬ್ಬುತ್ತೆ. ಟಿಸಿಎ ಅನ್ನೋ ಆಸಿಡ್ ಹಾಕಿ ಪ್ರೋಟೀನ್ ಕೆಳಗೆ ಕೂರಿಸಿ, ಆಮೇಲೆ ಕರಗಿಸಿ ಓದಿ.

ಮೂರನೇದು ಡಿಟರ್ಜೆಂಟ್, ನನ್ನ ಹೆಸರೇ ಅದು. ಜಿಎಂ1 ನೀರಲ್ಲಿ ಒಂದೊಂದಾಗಿ ಇರಲ್ಲ, ಗುಂಪು ಕಟ್ಕೊಂಡು ಮಿಸೆಲ್ ಆಗಿರುತ್ತೆ, ಜಿಗಣೆ ಎನ್‌ಜೈಮಿಗೂ ಪಿತ್ತ ಲವಣ ಕೊಟ್ರೇನೇ ಚೆನ್ನಾಗಿ ಕೆಲಸ ಮಾಡೋದು. ಹಾಗಂತ ಸೋಡಿಯಂ ಡಿಆಕ್ಸಿಕೋಲೇಟ್ ಹಾಕ್ಬೇಡಿ, ನಾನು ಹಾಕಿದ್ದೆ, ಪಿಎಚ್ 5ರಲ್ಲಿ ಟ್ಯೂಬ್ ತುಂಬ ಗಂಜಿ ಥರ ಆಯ್ತು, ಅದನ್ನ ಎನ್‌ಜೈಮಿನ ಪ್ರೆಸಿಪಿಟೇಟ್ ಅಂತ ತಿಳ್ಕೊಂಡು ಒಂದು ವಾರ ಅದಕ್ಕೇ ಪೂಜೆ ಮಾಡ್ದೆ. ಆಸಿಡ್‌ನಲ್ಲಿ ಅದು ಕರಗಲ್ಲ. ಟಾರೋಡಿಆಕ್ಸಿಕೋಲೇಟ್ ತಗೊಳ್ಳಿ, ಟಾರೀನ್ ಅಂಟಿರೋದ್ರಿಂದ ಪಿಎಚ್ 5ರಲ್ಲೂ ಕರಗೇ ಇರುತ್ತೆ, 0.1 ಪರ್ಸೆಂಟಿಂದ ಶುರು ಮಾಡಿ. ಆದ್ರೆ ಅದನ್ನ ಅಸ್ಸೇಗೆ ಮಾತ್ರ ಹಾಕಿ, ರುಬ್ಬೋವಾಗ ಬೇಡ. ಮುಖ್ಯವಾಗಿ ಟ್ರೈಟನ್ ಅನ್ನೋ ಡಿಟರ್ಜೆಂಟ್ ಹಾಕಿ ರುಬ್ಬಿ ಆಮೇಲೆ ಅಮೋನಿಯಂ ಸಲ್ಫೇಟ್ ಹಾಕಿದ್ರೆ ಪ್ರೋಟೀನ್ ಕೆಳಗೆ ಕೂರೋ ಬದಲು ಮಜ್ಜಿಗೆ ಮೇಲೆ ಬೆಣ್ಣೆ ಬಂದಂಗೆ ಮೇಲೆ ತೇಲುತ್ತೆ, ಗೊತ್ತಿಲ್ದೆ ಅದನ್ನೇ ಸುರಿದು ಪೆಲೆಟ್ ಹುಡುಕ್ತಾ ಕೂತೋರನ್ನ ನೋಡಿದೀನಿ.

---

ಹೇಮಾವತಿ_ದಂಡೆ:

ಅಯ್ಯೋ ಓದಿ ಒಂದ್ ಸಲ ಅಳು ಬಂತು, ಆದ್ರೂ ಥ್ಯಾಂಕ್ಸ್. ಕ್ರೂಡ್ ರೀಡಿಂಗ್ 2.3 ಇತ್ತು ಸರ್ 😔 ಡೈಲ್ಯೂಟ್ ಮಾಡಿರ್ಲಿಲ್ಲ.

ಕೆಳಗೆ ನೋಡಿದ್ರಾ ಅಂದ್ರಲ್ಲ, ಆ ಪ್ಲೇಟ್ ಇನ್ನೂ ಫಾಯಿಲ್‌ನಲ್ಲಿ ಸುತ್ತಿಟ್ಟಿದ್ದೆ, ತೆಗೆದು ನೋಡ್ದೆ, ಕೆಳಗೆ ಏನೂ ಇಲ್ಲ. ಈಗ ದೊಡ್ಡ ಸಮಸ್ಯೆ ಜಿಎಂ1. ಮಿಕ್ಕಿರೋದು ಸುಮಾರು ಅರ್ಧ ಮಿಗ್ರಾಂ, ಇನ್ನೊಂದು ತರಿಸೋಕೆ ಕೊಟೇಶನ್ನು ಸೈನು ಅಂತ ಆರು ವಾರ ಅಂತೆ. ಪ್ರತಿ ಫ್ರಾಕ್ಷನ್‌ಗೂ ಟಿಎಲ್‌ಸಿ ಹಾಕೋಕೆ ಇದು ಎಲ್ಲಿ ಸಾಕಾಗುತ್ತೆ? ಅದಕ್ಕೆ ಒಂದು ಯೋಚನೆ, ಟಿಎಲ್‌ಸಿ ಬದಲು ಕ್ಲೋರೋಫಾರ್ಮ್ ಮೆಥನಾಲ್ ಹಾಕಿ ಅಲುಗಾಡಿಸಿ, ಮೇಲಿನ ನೀರಿನ ಪದರದಲ್ಲಿ ಬಿಡುಗಡೆ ಆದ ಸಕ್ಕರೆಗೆ ರಿಸಾರ್ಸಿನಾಲ್ (ಸಿಯಾಲಿಕ್ ಆಸಿಡ್ ಅನ್ನೋ ಸಕ್ಕರೆ ಇದ್ರೆ ನೇರಳೆ ಆಗೋ ಪರೀಕ್ಷೆ) ಮಾಡಿದ್ರೆ ಬೇಗ ಆಗಲ್ವಾ?

---

ಹಳೇ_ಪಿಪೆಟ್:

ಬೇಡ ಬೇಡ. ನನ್ನ ಮೊದಲನೇ ವರ್ಷ ಇಡೀ ತಿಂದಿದ್ದು ಇದೇ. ಬೇರೆ ಲಿಪಿಡ್ ಆದ್ರೆ ಕೆಳಗಿನ ಕ್ಲೋರೋಫಾರ್ಮ್ ಪದರಕ್ಕೆ ಹೋಗುತ್ತೆ, ಜಿಎಂ1 ಥರದ ಗ್ಯಾಂಗ್ಲಿಯೋಸೈಡ್‌ಗೆ ಸಿಯಾಲಿಕ್ ಆಸಿಡ್ ಇರೋದ್ರಿಂದ ಕತ್ತರಿಸದೇ ಇದ್ರೂ ಅದು ಮೇಲಿನ ಪದರಕ್ಕೇ ಬರುತ್ತೆ. ಎನ್‌ಜೈಮ್ ಹಾಕಿದ್ದೂ ಒಂದೇ, ಹಾಕ್ದೆ ಇದ್ದಿದ್ದೂ ಒಂದೇ, ಎರಡೂ ನೇರಳೆ. ನಾನು ಮೂರು ತಿಂಗಳು ಬ್ಲ್ಯಾಂಕ್ ಬಾಟಲಿಗೆ ಬೈದಿದೀನಿ. ಹಂಗೇ ಬೇಗ ಮಾಡ್ಬೇಕು ಅಂದ್ರೆ ಸಣ್ಣ ಸಿ18 ಕಾರ್ಟ್ರಿಜ್ ಮೂಲಕ ಬಿಡಿ, ಗ್ಯಾಂಗ್ಲಿಯೋಸೈಡ್ ಅದಕ್ಕೆ ಅಂಟ್ಕೊಳುತ್ತೆ, ಬಿಡಿ ಸಕ್ಕರೆ ಸರಪಳಿ ನೀರಿನ ಜೊತೆ ದಾಟಿ ಬರುತ್ತೆ.

ಸಬ್‌ಸ್ಟ್ರೇಟ್‌ಗೆ ಮಟನ್ ಅಂಗಡಿಗೆ ಹೋಗಿ. ನಿಜವಾಗ್ಲೂ. ಬೆಳಿಗ್ಗೆ ಬೇಗ ಹೋದ್ರೆ ಕುರಿ ತಲೆ ಕೊಯ್ತಿರ್ತಾರೆ, ತಾಜಾ ಮಿದುಳು ಐಸ್‌ನಲ್ಲಿ ತನ್ನಿ. ಬೂದು ಬಣ್ಣದ ಹೊರ ಭಾಗದಲ್ಲಿ ಗ್ಯಾಂಗ್ಲಿಯೋಸೈಡ್ ಜಾಸ್ತಿ, ಅದನ್ನ ತೂಕದ 20 ಪಟ್ಟು ಕ್ಲೋರೋಫಾರ್ಮ್ ಮೆಥನಾಲ್ 2:1ರಲ್ಲಿ ರುಬ್ಬಿ ಸೋಸಿ, ಬಂದ ಸಾರದ ಐದನೇ ಒಂದು ಭಾಗ ನೀರು ಹಾಕಿ ಬಿಟ್ರೆ ಎರಡು ಪದರ ಆಗುತ್ತೆ, ಈಗ ತಾನೇ ಬೈದ ಆ ಮೇಲಿನ ಪದರಾನೇ ಇಲ್ಲಿ ನಿಮಗೆ ಬೇಕಾಗಿರೋದು. ಡಯಾಲಿಸಿಸ್ ಬ್ಯಾಗಿಗೆ ಹಾಕಿದ್ರೆ ಮಿಸೆಲ್ ದೊಡ್ಡದಿರೋದ್ರಿಂದ ಒಳಗೇ ಉಳಿಯುತ್ತೆ, ಸಣ್ಣ ಕಸ ಹೊರಗೆ ಹೋಗುತ್ತೆ. ಇದರಲ್ಲಿ ಜಿಎಂ1 ಜೊತೆ ಜಿಡಿ1ಎ, ಜಿಡಿ1ಬಿ, ಜಿಟಿ1ಬಿ ಎಲ್ಲ ಇರುತ್ತೆ, ಪ್ಲೇಟಲ್ಲಿ ಸಂತೆ. ತೆಳು ಆಸಿಡ್‌ನಲ್ಲಿ ಸ್ವಲ್ಪ ಹೊತ್ತು ಬಿಸಿ ಮಾಡಿದ್ರೆ ಹೊರಗಿನ ಸಿಯಾಲಿಕ್ ಆಸಿಡ್‌ಗಳು ಉದುರಿ ಹೆಚ್ಚಿನದು ಜಿಎಂ1 ಆಗುತ್ತೆ, ಒಳಗಿನದು ಗಟ್ಟಿ, ಅಷ್ಟು ಸುಲಭಕ್ಕೆ ಬಿಡಲ್ಲ. ಮತ್ತೆ ಒಂದ್ಸಲ ಡಯಾಲಿಸಿಸ್ ಮಾಡಿ ಉದುರಿದ್ದನ್ನ ಕಳಿಸಿಬಿಡಿ. ಎಲ್ಲಾನೂ ಫ್ಯೂಮ್ ಹುಡ್ ಒಳಗೆ, ಕಿಟಕಿ ತೆಗೆದಿದೀನಿ ಅಂತ ಸಮಾಧಾನ ಮಾಡ್ಕೋಬೇಡಿ.

ಟಿಎಲ್‌ಸಿಗೆ ಕ್ಲೋರೋಫಾರ್ಮ್, ಮೆಥನಾಲ್, 0.2 ಪರ್ಸೆಂಟ್ ಕ್ಯಾಲ್ಸಿಯಂ ಕ್ಲೋರೈಡ್ ನೀರು 55:45:10. ರಿಸಾರ್ಸಿನಾಲ್ ಸ್ಪ್ರೇ ಮಾಡಿ ಇನ್ನೊಂದು ಗಾಜು ಮುಚ್ಚಿ ಬಿಸಿ ಮಾಡಿ, ಇಲ್ಲಾಂದ್ರೆ ಆಸಿಡ್ ಹಾರಿ ಬಣ್ಣಾನೇ ಬರಲ್ಲ. ಪಕ್ಕದ ಲೇನಲ್ಲಿ ಬರೀ ಸಿಯಾಲಿಕ್ ಆಸಿಡ್ ಸ್ಟ್ಯಾಂಡರ್ಡ್ ಕಡ್ಡಾಯ, ಸಿಯಾಲಿಡೇಸ್ ಕಿತ್ತಿದ್ದೂ ನೇರಳೇನೇ ಕಾಣುತ್ತೆ, ಅದನ್ನ ನೋಡಿ ಸಿಕ್ತು ಅಂತ ಕುಣೀಬಾರದು. ಸೆರಮೈಡ್ ರಿಸಾರ್ಸಿನಾಲ್‌ಗೆ ಕಾಣಲ್ಲ, ಅದಕ್ಕೆ ಬೇರೆ ಪ್ಲೇಟ್ ಹಾಕಿ ಅಯೋಡಿನ್ ಡಬ್ಬಿಯಲ್ಲಿಡಿ.

---

ಮೂಡಿಗೆರೆ_ಮಳೆ:

ಕುರಿ ಮಿದುಳು ಫ್ರೈ ಮಾಡಿ ತಿನ್ನೋದು ಬಿಟ್ಟು ಕ್ಲೋರೋಫಾರ್ಮಲ್ಲಿ ರುಬ್ಬೋದಾ, ಪಾಪ ಹತ್ತುತ್ತೆ ಕಣ್ರೀ.

---

ಡಿಟರ್ಜೆಂಟ್_ದಾಸ:

😂 ಸೆರಮೈಡ್ ಒಳಗಿರೋದಕ್ಕೆ ಸ್ಫಿಂಗೋಸಿನ್ ಅಂತ ಹೆಸರಿಟ್ಟಿದ್ದೂ ಮಿದುಳು ರುಬ್ಬಿದವನೇ. 1884ರಲ್ಲಿ ಥುಡಿಕಮ್ ಅಂತ, ಒಗಟು ಒಗಟಾಗಿದೆ ಅಂತ ಸ್ಫಿಂಕ್ಸ್ ಹೆಸರು ಇಟ್ಟ. ನೂರೈವತ್ತು ವರ್ಷ ಹತ್ರ ಬಂತು, ಒಗಟು ಹಂಗೇ ಇದೆ.

ಪಿಪೆಟ್ ಸರ್ ಮಾತಿಗೆ ಒಂದು ಸೇರಿಸ್ತೀನಿ, ಸಾಧ್ಯ ಆದ್ರೆ ಅಸ್ಸೇ ಟ್ಯೂಬಿಗೆ ಗ್ಯಾಲಕ್ಟೋನೋಲ್ಯಾಕ್ಟೋನ್ ಹಾಕಿ ಒಂದು ಸೆಟ್ ಮಾಡಿ. ಬೀಟಾ ಗ್ಯಾಲಕ್ಟೋಸಿಡೇಸ್ ಬಾಯಿ ಮುಚ್ಚುತ್ತೆ, ಮೊದಲ್ನೇ ಮೆಟ್ಲೇ ಇಲ್ಲಾಂದ್ರೆ ಮುಂದಿನ ಮೆಟ್ಲೂ ಇಲ್ಲ. ಆಮೇಲೂ ಕೆಳಗಿನ ಸ್ಪಾಟ್ ಉಳಿದ್ರೆ ಅದು ಬುಡಕ್ಕೇ ಹೊಡೆದಿದ್ದು. ಮತ್ತೆ ಕೆಎಂ (ಎನ್‌ಜೈಮ್ ಅರ್ಧ ವೇಗಕ್ಕೆ ಬರೋಕೆ ಬೇಕಾದ ಸಬ್‌ಸ್ಟ್ರೇಟ್ ಪ್ರಮಾಣ) ತೆಗೀಬೇಕು ಅಂತ ಗೈಡ್ ಹೇಳಿದ್ರೆ ಯಾವ ಡಿಟರ್ಜೆಂಟ್ ಎಷ್ಟು ಅಂತ ಪಕ್ಕದಲ್ಲೇ ಬರೀರಿ, ಮಿಸೆಲ್ ಮೇಲೆ ಅಳೆದ ಕೆಎಂ ಡಿಟರ್ಜೆಂಟ್ ಬದಲಾದ್ರೆ ತಾನೂ ಬದಲಾಗುತ್ತೆ.

---

ಹೇಮಾವತಿ_ದಂಡೆ:

ನಾಲ್ಕು ವಾರ ಆಯ್ತು, ಅಪ್‌ಡೇಟ್ ಕೊಡ್ತೀನಿ.

ಕ್ರೂಡ್ ಇಪ್ಪತ್ತು ಪಟ್ಟು ಡೈಲ್ಯೂಟ್ ಮಾಡಿ 5 ನಿಮಿಷಕ್ಕೆ ಓದಿದೆ, ಯೀಲ್ಡ್ 94ಕ್ಕೆ ಇಳೀತು. ತಡೆ ಗಿಡೆ ಏನೂ ಇರ್ಲಿಲ್ಲ, ದಾಸ ಸರ್ ಹೇಳಿದ ಸುಸ್ತಾದವನ ಕಥೇನೇ. ಗೈಡ್‌ಗೆ ತೋರ್ಸಿದೆ, ಈ ಸಲ ನಗ್ಲಿಲ್ಲ, "ಹ್ಞೂಂ" ಅಂದ್ರು. ಹುಳ ಯೂಡ್ರಿಲಸ್ ಅಂತ ಝುವಾಲಜಿ ಮೇಡಂ ಹೇಳಿದ್ರು.

ಮಿದುಳು ತರೋಕೆ ಅಣ್ಣನ್ನ ಕಳ್ಸಿದ್ದೆ, ನಾಲ್ಕು ತಂದ, ಅಮ್ಮ ಎರಡನ್ನ ಅಡುಗೆಮನೆಗೆ ಎತ್ತಿಟ್ಕೊಂಡ್ರು. ಉಳಿದಿದ್ದೇ ಸಾಕಾಯ್ತು. ಹೊಸದಾಗಿ ಹುಳ ರುಬ್ಬಿ, ಈ ಸಲ ಪ್ರೋಟಿಯೇಸ್ ತಡೆಯೋ ಪಿಎಂಎಸ್‌ಎಫ್ ಪೆಪ್‌ಸ್ಟಾಟಿನ್ ಎರಡೂ ಹಾಕಿ, ಅದೇ ಡಿಇಎಇ ಓಡಿಸಿ, ಹಳದಿ ಪೀಕ್ ನೋಡ್ದೆ 16ರಿಂದ 40ರವರೆಗೆ ಎಲ್ಲಾ ಫ್ರಾಕ್ಷನ್‌ಗೂ ಟಿಎಲ್‌ಸಿ ಹಾಕ್ದೆ. ಮಧ್ಯೆ ಒಂದು ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ಆಫ್ ಆಗಿ ಒಂದು ಸೆಟ್ ಹಾಳಾಯ್ತು, ಮತ್ತೆ ಹಾಕ್ದೆ. 18ರಿಂದ 24 ಅದೇ ಮೆಟ್ಲು. 31ರ ಮೇಲೆ ಏನೂ ಆಗಿಲ್ಲ, ಜಿಎಂ1 ಹಂಗೇ ಕೂತಿದೆ. 26, 27, 28ರಲ್ಲಿ ಮಾತ್ರ ಜಿಎಂ1 ಕೆಳಗೆ, ಸ್ಪಾಟ್ ಇಟ್ಟ ಗೆರೆಗಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ, ಒಂದು ನೇರಳೆ ಚುಕ್ಕೆ! ಸಿಯಾಲಿಕ್ ಆಸಿಡ್ ಸ್ಟ್ಯಾಂಡರ್ಡ್ ಅದಕ್ಕಿಂತ ಚೆನ್ನಾಗಿ ಮೇಲಿದೆ. 26ರಲ್ಲಿ ತೆಳುವಾಗಿ ಜಿಎಂ2 ಇತ್ತು, ಲ್ಯಾಕ್ಟೋನ್ ಹಾಕಿದ್ಮೇಲೆ ಅದು ಹೋಯ್ತು, ಕೆಳಗಿನ ಚುಕ್ಕೆ ಹೋಗ್ಲಿಲ್ಲ. ಟಾರೋಡಿಆಕ್ಸಿಕೋಲೇಟ್ ಇಲ್ದೇ ಇರೋ ಟ್ಯೂಬಲ್ಲಿ ಚುಕ್ಕೆ ಕಾಣೋದೇ ಕಷ್ಟ.

ಆ ಮೂರು ಫ್ರಾಕ್ಷನ್ ಮೊದಲ್ನೇ ಸಲ ಎರಡು ಪೀಕ್ ಮಧ್ಯೆ ಹಳದಿ ಇಲ್ಲ ಅಂತ ಸಿಂಕಿಗೆ ಸುರಿದಿದ್ದೆ. ಈಗ ಮೂರನ್ನೂ ಸೇರಿಸಿ ಆಕ್ಟೈಲ್ ಸೆಫರೋಸ್ ಅನ್ನೋ ಮುಂದಿನ ಕಾಲಂಗೆ ಹಾಕ್ಲಾ?

---

ಹಳೇ_ಪಿಪೆಟ್:

ಶಭಾಷ್! ಸೇರಿಸ್ಬೇಡಿ. 26ರಲ್ಲಿ ಗ್ಯಾಲಕ್ಟೋಸಿಡೇಸ್ ಬಾಲ ಇದೆ ಅಂತ ನೀವೇ ಹೇಳಿದ್ರಿ, ಅದನ್ನ ಬೇರೆ ಇಡಿ, 27 ಮತ್ತೆ 28 ಮಾತ್ರ ಸೇರಿಸಿ. ಆಕ್ಟೈಲ್‌ಗೆ ಹಾಕೋ ಮುಂಚೆ ಸ್ವಲ್ಪ ಅಮೋನಿಯಂ ಸಲ್ಫೇಟ್ ಬೆರೆಸಿ, ಉಪ್ಪು ಇದ್ರೇನೇ ಅದಕ್ಕೆ ಅಂಟೋದು. ಒಂದಿಷ್ಟು ಗ್ಲಿಸರಾಲ್ ಹಾಕಿ ಸಣ್ಣ ಸಣ್ಣ ಟ್ಯೂಬಲ್ಲಿ ಫ್ರೀಜರ್‌ಗೂ ಇಟ್ಟಿರಿ, ಕರೆಂಟ್ ಹೋಗೋ ಊರಲ್ಲಿ ಫ್ರಿಜ್ ಬಾಗಿಲಲ್ಲಿ ಮಾತ್ರ ಇಡ್ಬೇಡಿ. ಆ ಪ್ಲೇಟಿಗೆ ಇವತ್ತೇ ಫೋಟೋ ತೆಗೀರಿ, ರಿಸಾರ್ಸಿನಾಲ್ ಬಣ್ಣ ನಾಳೆಗೆ ಹೀಗೇ ಇರಲ್ಲ.